ಒಂದು ಹಲ್ಲಿನ ಲೆಕ್ಕ

ಬಿತ್ತುವ ರೈತನಿಗೆ ಹದ ಎಷ್ಟು ಮುಖ್ಯವೋ ಮೋಟಾರಿನ ಎಂಜಿನಿಗೆ ಹೊತ್ತು ಅಷ್ಟೇ ಮುಖ್ಯ. ಮಲಪ್ರಭೆಯ ದಂಡೆಯ ನಮ್ಮ ಹೊಳೆಆಲೂರಿನ ಎರೆಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತುವವರನ್ನು ಕೇಳಿ ನೋಡಿ. ಬೀಜ ಒಳ್ಳೆಯದಿರಲಿ, ಎತ್ತು ಗಟ್ಟಿ ಇರಲಿ, ಕೂರಿಗೆ ನೆಟ್ಟಗಿರಲಿ, ಹದ ತಪ್ಪಿದರೆ ಬೆಳೆ ಕೈಗೆ ಬಾರದು ಎನ್ನುತ್ತಾರೆ. ಎಂಜಿನಿನ ಮಾತೂ ಹಾಗೆಯೇ. ಪೆಟ್ರೋಲು ಶುದ್ಧವಾಗಿರಬಹುದು, ಕಿಡಿ ಬಲವಾಗಿರಬಹುದು; ವಾಲ್ವುಗಳು ತೆರೆದು ಮುಚ್ಚುವ ಹೊತ್ತು ತಪ್ಪಿತೆಂದರೆ ಗಾಡಿ ನಿಂತಲ್ಲಿಂದ ಅಲುಗದು. ಆ ಹೊತ್ತನ್ನು ಕಾಯುವ ಕೆಲಸ ಟೈಮಿಂಗ್ ಚೈನು ಎಂಬ ಸರಪಳಿಯದು. ಅದನ್ನು ಕೂಡಿಸುವ ಕ್ರಮವನ್ನು ಕುರಿತು ಈಗ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಹಳಗನ್ನಡ ಪಾಠ ಹೇಳುವ ಪಂಡಿತನಿಗೂ ಮೋಟಾರಿನ ಸರಪಳಿಗೂ ಏನು ನಂಟು ಎಂದು ನೀವು ಕೇಳಬಹುದು. ನನ್ನ ಬಳಿ ಅಕ್ಷರ ತಿದ್ದಿದ ಹುಡುಗರು ಹಲವರು ಇಂದು ರೋಣ, ಗದಗ, ಹುಬ್ಬಳ್ಳಿಗಳ ಗ್ಯಾರೇಜುಗಳಲ್ಲಿ ಪಾನಾ ಹಿಡಿದಿದ್ದಾರೆ. ಅವರ ಕೈ ಚುರುಕು. ಕಣ್ಣು ಇನ್ನೂ ಚುರುಕು. ಆದರೆ ಎಂಜಿನು ಬಿಚ್ಚಿ ಕಟ್ಟುವ ವಿಧಾನವನ್ನು ಹೇಳುವ ಪುಸ್ತಕ ಇಂಗ್ಲಿಷಿನಲ್ಲಿದೆ. ಮೇಸ್ತ್ರಿಯ ಬಾಯಿಂದ ಬಿದ್ದಷ್ಟು ಅವರಿಗೆ ದಕ್ಕುತ್ತದೆ. ಮೇಸ್ತ್ರಿ ಹೇಳದೆ ಬಿಟ್ಟದ್ದು ಗಿರಾಕಿಯ ಗಾಡಿಯ ಮೇಲೆ ಪ್ರಯೋಗವಾಗುತ್ತದೆ. ನಂಟು ಇರುವುದು ಇಲ್ಲಿ.

ಮೊದಲು ಯಂತ್ರದ ಒಳಗನ್ನು ತಿಳಿಯೋಣ. ಪೆಟ್ರೋಲು ಎಂಜಿನಿನ ಪಿಸ್ಟನ್ನು ನಾಲ್ಕು ಕೆಲಸ ಮಾಡುತ್ತದೆ: ಗಾಳಿ ಮತ್ತು ಪೆಟ್ರೋಲನ್ನು ಒಳಗೆಳೆಯುವುದು, ಒತ್ತುವುದು, ಉರಿದ ಅನಿಲದ ಬಲದಿಂದ ಕೆಳಗಿಳಿಯುವುದು, ಹೊಗೆಯನ್ನು ಹೊರದೂಡುವುದು. ಈ ನಾಲ್ಕು ಮುಗಿಯುವಷ್ಟರಲ್ಲಿ ಕೆಳಗಿನ ಕ್ರ್ಯಾಂಕು ಎರಡು ಸುತ್ತು ತಿರುಗುತ್ತದೆ. ವಾಲ್ವುಗಳನ್ನು ಒತ್ತಿ ತೆರೆಯುವ ಕ್ಯಾಮು ಮಾತ್ರ ಒಂದೇ ಸುತ್ತು ತಿರುಗಬೇಕು. ಆದುದರಿಂದ ಕ್ರ್ಯಾಂಕಿನ ಹಲ್ಲುಗಾಲಿಗೆ ೧೮ ಹಲ್ಲಿದ್ದರೆ ಕ್ಯಾಮಿನ ಗಾಲಿಗೆ ೩೬ ಇರಬೇಕು. ಸೈಕಲ್ಲಿನ ಚೈನನ್ನು ಬಲ್ಲವರಿಗೆ ಇದು ಕಷ್ಟದ ಲೆಕ್ಕವಲ್ಲ.

ಹಳೆಯ ಅಂಬಾಸಿಡರ್, ಫಿಯೆಟ್ ಗಾಡಿಗಳಲ್ಲಿ ಕ್ಯಾಮು ಒಂದೇ. ಅದೂ ಎಂಜಿನಿನ ಹೊಟ್ಟೆಯಲ್ಲಿ. ಎರಡು ಕ್ಯಾಮುಗಳನ್ನು ತಲೆಯ ಮೇಲೆಯೇ ಕೂರಿಸಿ, ಒಂದಕ್ಕೆ ಒಳವಾಲ್ವುಗಳನ್ನೂ ಮತ್ತೊಂದಕ್ಕೆ ಹೊರವಾಲ್ವುಗಳನ್ನೂ ಒಪ್ಪಿಸುವ ಏರ್ಪಾಡು ಓಟದ ಗಾಡಿಗಳಿಂದ ಬಂದದ್ದು. ೧೯೧೨ರಲ್ಲಿ ಫ್ರಾನ್ಸಿನ ಗ್ರಾಂಡ್ ಪ್ರೀ ಪಂದ್ಯವನ್ನು ಗೆದ್ದ ಪ್ಯೂಜೋ ಗಾಡಿಯಲ್ಲಿ ಇಂಥ ಎಂಜಿನು ಇತ್ತು. ೧೯೪೮ರಲ್ಲಿ ಇಂಗ್ಲೆಂಡಿನ ಜಾಗ್ವಾರ್ ಕಂಪನಿ ತನ್ನ ಎಕ್ಸ್‌ಕೆ ಎಂಜಿನಿನ ಎರಡು ಕ್ಯಾಮುಗಳನ್ನು ಸರಪಳಿಯಿಂದಲೇ ತಿರುಗಿಸಿತು. ಇಂದು ಅದು ಶ್ರೀಮಂತರ ಸೊತ್ತಾಗಿ ಉಳಿದಿಲ್ಲ. ೨೦೧೦ರಲ್ಲಿ ಬಂದ ಮಾರುತಿಯ ಆಲ್ಟೊ ಕೆ೧೦ ಎಂಬ ಚಿಕ್ಕ ಗಾಡಿಯಲ್ಲಿಯೂ ಎರಡು ಕ್ಯಾಮು, ಹನ್ನೆರಡು ವಾಲ್ವು, ಒಂದು ಸರಪಳಿ. ಬಿಡದಿಯ ಕಾರ್ಖಾನೆಯಿಂದ ೨೦೦೫ರಲ್ಲಿ ಹೊರಬಂದ ಇನ್ನೋವಾದ ಪೆಟ್ರೋಲು ಎಂಜಿನಿಗೆ ಸರಪಳಿ ಇತ್ತು. ಅದೇ ಗಾಡಿಯ ಡೀಸೆಲ್ ಎಂಜಿನಿಗೆ ಹಲ್ಲಿನ ಬೆಲ್ಟು. ಹೊರಗಿನ ಮೈ ಒಂದೇ, ಒಳಗಿನ ಮರ್ಮ ಬೇರೆ. ಮುಚ್ಚಳ ತೆಗೆಯುವ ಮೊದಲೇ ಇದನ್ನು ವಿಚಾರಿಸಿಕೊಳ್ಳುವುದು ಮೇಲು.

ಇನ್ನು ಅಪಾಯದ ಮಾತು. ಒಂದೇ ಒರಳಿನಲ್ಲಿ ಇಬ್ಬರು ಹೆಂಗಸರು ಎರಡು ಒನಕೆಗಳಿಂದ ಕುಟ್ಟುವುದನ್ನು ನೀವು ನೋಡಿರಬಹುದು. ಒಂದು ಏಳುವಾಗ ಇನ್ನೊಂದು ಬೀಳುತ್ತದೆ. ಲಯ ತಪ್ಪಿದರೆ ಒನಕೆಗೆ ಒನಕೆ ತಾಗುತ್ತದೆ. ಎಷ್ಟೋ ಎಂಜಿನುಗಳಲ್ಲಿ ವಾಲ್ವು ಕೆಳಗಿಳಿಯುವ ಜಾಗವೂ ಪಿಸ್ಟನ್ನು ಮೇಲೇರುವ ಜಾಗವೂ ಒಂದೇ. ನಿಮಿಷಕ್ಕೆ ೩೦೦೦ ಸುತ್ತಿನ ವೇಗವೆಂದರೆ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ ೨೫ ಸಲ ತೆರೆದು ಮುಚ್ಚುತ್ತದೆ. ೩೬ ಹಲ್ಲಿನ ಕ್ಯಾಮು ಗಾಲಿಯಲ್ಲಿ ಒಂದು ಹಲ್ಲು ಜರುಗಿದರೆ ಕ್ಯಾಮು ೧೦ ಅಂಶ ತಪ್ಪುತ್ತದೆ. ಕ್ರ್ಯಾಂಕಿನ ಲೆಕ್ಕದಲ್ಲಿ ಅದು ೨೦ ಅಂಶ. ಒಂದು ಹಲ್ಲು ತಪ್ಪಿದಾಗ ಗಾಡಿಯ ಕಸುವು ಕುಂದಬಹುದು, ಮುಂಜಾನೆ ಹೊತ್ತಿಕೊಳ್ಳಲು ಮೊಂಡುತನ ಮಾಡಬಹುದು. ಎರಡು ಮೂರು ಹಲ್ಲು ತಪ್ಪಿದರೆ ವಾಲ್ವು ಬಾಗುವ ಭಯ ಉಂಟು.

ಈ ಭಯ ಬರಿಯ ಮಾತಿನದಲ್ಲ. ನಮ್ಮ ಕಡೆಯ ತರುಣನೊಬ್ಬ ಸಾಲ ಮಾಡಿ ಹಳೆಯ ಗಾಡಿಯೊಂದನ್ನು ಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಬಾದಾಮಿ, ಪಟ್ಟದಕಲ್ಲು ನೋಡಲು ಬಂದವರನ್ನು ಕರೆದೊಯ್ಯುವನು. ರಾತ್ರಿಯ ಹೊತ್ತು ಹೆರಿಗೆಯ ನೋವು ಬಂದರೆ ಗದಗಿನ ಆಸ್ಪತ್ರೆಗೆ ಮುಟ್ಟಿಸುವನು. ಚೈನು ಸದ್ದು ಮಾಡಿತೆಂದು ಹೊಸದನ್ನು ಹಾಕಿಸಿದ. ಕೂಡಿಸಿದ ಹುಡುಗ ನೇರವಾಗಿ ಕೀಲಿ ತಿರುವಿದ. ಕಟಕಟನೆ ಸದ್ದಾಗಿ ಎಂಜಿನು ನಿಂತಿತು. ತಲೆ ಬಿಚ್ಚಿ ನೋಡಿದರೆ ನಾಲ್ಕು ವಾಲ್ವು ಬಾಗಿದ್ದವು. ಸಾಲದ ಕಂತು ನಿಲ್ಲಲಿಲ್ಲ, ಗಾಡಿ ನಿಂತಿತು. ಆ ಹುಡುಗ ನನ್ನೆದುರು ಕಣ್ಣು ತುಂಬಿಕೊಂಡು, “ಗುರುತು ಬರೋಬರಿ ಇದ್ದೂವ್ರೀ ಮಾಸ್ತರ, ತಿರುವಿದ ಮ್ಯಾಲ ಹ್ಯಾಂಗ ತಪ್ಪಿದೂವೋ ತಿಳೀವಲ್ದು” ಎಂದ. ಅವನು ಸುಳ್ಳು ಹೇಳಲಿಲ್ಲ. ತಪ್ಪು ಎಲ್ಲಿ ಅಡಗಿತ್ತೆಂಬುದು ಮುಂದೆ ತಿಳಿಯುತ್ತದೆ.

ಈಗ ಕ್ರಮವನ್ನು ಕೇಳಿ. ಮೊದಲು ಬ್ಯಾಟರಿಯ ತಂತಿಯನ್ನು ಕಳಚಬೇಕು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದರೆ ಎಂಜಿನು ಕೈಗೆ ಹಗುರಾಗಿ ತಿರುಗುತ್ತದೆ. ಒಂದನೆಯ ಪಿಸ್ಟನ್ನನ್ನು ಒತ್ತುವ ಸರದಿಯಲ್ಲಿ ಮೇಲ್ತುದಿಗೆ ತರಬೇಕು. ಹೊರದೂಡುವ ಸರದಿಯಲ್ಲಿಯೂ ಅದು ಮೇಲ್ತುದಿಗೆ ಬರುವುದರಿಂದ ಮೋಸಹೋಗಬಾರದು. ಒತ್ತುವ ಸರದಿಯಾದರೆ ಆ ಸಿಲಿಂಡರಿನ ವಾಲ್ವುಗಳೆಲ್ಲ ಮುಚ್ಚಿರುತ್ತವೆ. ಹಳೆಯ ಚೈನು ತೆಗೆದ ಮೇಲೆ ಕ್ರ್ಯಾಂಕನ್ನಾಗಲಿ ಕ್ಯಾಮುಗಳನ್ನಾಗಲಿ ಮನಬಂದಂತೆ ತಿರುಗಿಸಕೂಡದು. ಕ್ಯಾಮು ಹಿಡಿದಿಡುವ ಸಲಕರಣೆಯನ್ನು ಕಂಪನಿ ಹೇಳಿದ್ದರೆ ಅದನ್ನೇ ಬಳಸಬೇಕು.

ಹೊಸ ಚೈನಿನಲ್ಲಿ ಎರಡು ಮೂರು ಕೊಂಡಿಗಳಿಗೆ ಬೇರೆ ಬಣ್ಣ ಇರುತ್ತದೆ. ಆ ಕೊಂಡಿಗಳು ಮೂರೂ ಗಾಲಿಗಳ ಗುರುತುಗಳಿಗೆ ಪುಸ್ತಕದಲ್ಲಿ ತೋರಿಸಿದಂತೆ ಕೂಡಬೇಕು. ಕೂಡಿಸುವಾಗ ನೆನಪಿಡಬೇಕಾದ ಗುಟ್ಟು ಒಂದಿದೆ. ಚೈನಿಗೆ ಬಿಗಿ ಬದಿ, ಸಡಿಲ ಬದಿ ಎಂದು ಎರಡು. ಕ್ರ್ಯಾಂಕು ತನ್ನ ಕಡೆಗೆ ಎಳೆದುಕೊಳ್ಳುವ ಬದಿ ಬಿಗಿಯದು. ಬಾವಿಯ ಹಗ್ಗದಲ್ಲಿ ಕೊಡ ಜಗ್ಗುವ ಕಡೆ ಸಡಿಲವಿರಲು ಸಾಧ್ಯವೇ? ಹಾಗೆಯೇ ಇಲ್ಲಿಯೂ. ಕ್ರ್ಯಾಂಕಿನಿಂದ ಬಿಗಿ ಬದಿಯ ಕ್ಯಾಮಿಗೆ, ಅಲ್ಲಿಂದ ಇನ್ನೊಂದು ಕ್ಯಾಮಿಗೆ ಚೈನನ್ನು ಜೋಲು ಬಾರದಂತೆ ಎಳೆದು ಹಾಕಬೇಕು. ಮಿಕ್ಕ ಸಡಿಲವೆಲ್ಲ ಟೆನ್ಷನರ್ ಇರುವ ಬದಿಗೆ ಬರಬೇಕು. ಟೆನ್ಷನರನ್ನು ಒತ್ತಿ, ಪಿನ್ನು ಚುಚ್ಚಿ ಕೂರಿಸಿ, ಕೊನೆಯಲ್ಲಿ ಪಿನ್ನನ್ನು ಮರೆಯದೆ ಕೀಳಬೇಕು.

ಮೇಲೆ ಹೇಳಿದ ಹುಡುಗ ಸಡಿಲವನ್ನು ಬಿಗಿ ಬದಿಯಲ್ಲಿಯೇ ಉಳಿಸಿದ್ದ. ನಿಂತಾಗ ಗುರುತುಗಳು ಕೂಡಿಯೇ ಇದ್ದವು. ಕ್ರ್ಯಾಂಕು ತಿರುಗಿದೊಡನೆ ಮೊದಲು ಆ ಸಡಿಲವನ್ನು ಎಳೆದುಕೊಂಡಿತು. ಕ್ಯಾಮುಗಳು ಎರಡು ಹಲ್ಲು ಹಿಂದೆ ಬಿದ್ದವು.

ಇದನ್ನು ಹಿಡಿಯುವ ಉಪಾಯ ಬಹು ಸುಲಭ, ಖರ್ಚಿಲ್ಲದ್ದು. ಎಲ್ಲ ಕೂಡಿಸಿದ ಮೇಲೆ ಪಾನಾದಿಂದ ಕ್ರ್ಯಾಂಕನ್ನು ಅದು ಓಡುವ ದಿಕ್ಕಿನಲ್ಲಿ ಮೆಲ್ಲಗೆ ಎರಡು ಪೂರ್ಣ ಸುತ್ತು ತಿರುಗಿಸಿರಿ. ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿರಿ. ವಾಲ್ವು ಪಿಸ್ಟನ್ನಿಗೆ ತಾಗಿದೆಯೆಂದು ತಿಳಿಯಿರಿ. ಹಿಂದಕ್ಕೆ ತಿರುಗಿಸಲೂ ಬೇಡಿರಿ. ಚೈನು ಹಲ್ಲು ಜಿಗಿಯಬಹುದು. ಬಿಚ್ಚಿ ಮತ್ತೆ ಕೂಡಿಸಿರಿ. ತಡೆಯದೆ ಎರಡು ಸುತ್ತು ಬಂದರೆ ಗಾಲಿಗಳ ಗುರುತುಗಳು ಮೊದಲಿನ ಜಾಗಕ್ಕೆ ಬಂದಿರಬೇಕು.

ಇಲ್ಲಿ ಹಲವರು ಗಾಬರಿಯಾಗುತ್ತಾರೆ: ಗಾಲಿಗಳ ಗುರುತು ಸರಿಯಿದೆ, ಬಣ್ಣದ ಕೊಂಡಿ ಎಲ್ಲಿಯೋ ಹೋಗಿದೆ! ಇದು ತಪ್ಪಲ್ಲ. ಚೈನಿಗೆ ೧೨೦ ಕೊಂಡಿ ಎನ್ನೋಣ. ಕ್ರ್ಯಾಂಕಿನ ಎರಡು ಸುತ್ತಿಗೆ ಅದು ೩೬ ಕೊಂಡಿಯಷ್ಟು ಮಾತ್ರ ಸಾಗುತ್ತದೆ. ೩೬ಕ್ಕೂ ೧೨೦ಕ್ಕೂ ಲಘುತಮ ಸಾಮಾನ್ಯ ಅಪವರ್ತ್ಯ ೩೬೦. ಅಂದರೆ ಬಣ್ಣದ ಕೊಂಡಿ ಮೊದಲಿನ ಗುರುತಿಗೆ ಕೂಡಲು ಕ್ರ್ಯಾಂಕು ೨೦ ಸುತ್ತು ತಿರುಗಬೇಕು. ಶಾಲೆಯಲ್ಲಿ ಈ ಲೆಕ್ಕ ಎಲ್ಲಿಗೆ ಉಪಯೋಗವೆಂದು ಕೇಳುವ ಮಕ್ಕಳಿಗೆ ಇದೊಂದು ಉತ್ತರ.

ಗಾಡಿಯ ಒಡೆಯರಿಗೂ ಒಂದು ಮಾತು. ಚೈನು ಉದ್ದವಾಗುತ್ತದೆ ಎನ್ನುತ್ತಾರೆ. ಕಬ್ಬಿಣ ಹಿಗ್ಗುವುದಿಲ್ಲ, ಕೊಂಡಿಯ ಕೀಲುಗಳು ಸವೆಯುತ್ತವೆ. ಪ್ರತಿ ಕೀಲೂ ಮಿಲಿಮೀಟರಿನ ನೂರರಲ್ಲೊಂದು ಪಾಲು ಸವೆದರೂ ೧೨೦ ಕೀಲುಗಳಿಗೆ ಒಂದು ಮಿಲಿಮೀಟರಿಗೂ ಮಿಕ್ಕಿ ಸಡಿಲ. ಸವೆತವನ್ನು ತಡೆಯುವುದು ಆಯಿಲು. ಎಷ್ಟೋ ಟೆನ್ಷನರುಗಳು ಚೈನನ್ನು ಒತ್ತಿ ಹಿಡಿಯುವುದೂ ಆಯಿಲಿನ ಒತ್ತಡದಿಂದಲೇ. ಮುಂಜಾನೆ ಗಾಡಿ ಹೊತ್ತಿಸಿದಾಗ ಮುಂಭಾಗದಲ್ಲಿ ಕೆಲವು ಗಳಿಗೆ ಗಲಗಲ ಸದ್ದು ಬಂದು ಅಡಗಿದರೆ ಅದು ಚೈನು ಕೊಡುವ ಮುನ್ಸೂಚನೆ. ಹೊತ್ತಿಗೆ ಸರಿಯಾಗಿ ಆಯಿಲು ಬದಲಿಸುವ ಖರ್ಚು ವಾಲ್ವು ಬದಲಿಸುವ ಖರ್ಚಿನ ಮುಂದೆ ಏನೂ ಅಲ್ಲ.

ಕೊನೆಗೆ ನಮ್ಮ ವಿದ್ಯಾವಂತರಲ್ಲಿ ಒಂದು ಬಿನ್ನಹ. ಕ್ಯಾಮಿಗೆ, ಕ್ರ್ಯಾಂಕಿಗೆ ಸಂಸ್ಕೃತದಿಂದ ಹೊಸ ಹೆಸರು ಕಟ್ಟಿ ಕೊಡಬೇಕಾಗಿಲ್ಲ. ಆ ಹೆಸರುಗಳು ಗ್ಯಾರೇಜಿನಲ್ಲಿ ಕನ್ನಡವೇ ಆಗಿಹೋಗಿವೆ. ಬೇಕಾದದ್ದು ತಿಳಿಗನ್ನಡದ ಹತ್ತು ವಾಕ್ಯ. ಇಂಗ್ಲಿಷ್ ಬಲ್ಲವರು ಪುಸ್ತಕವನ್ನು ಓದಿ, ಕೆಲಸ ಬಲ್ಲ ಮೇಸ್ತ್ರಿಯ ಜೊತೆ ಕುಳಿತು, ಆ ಹತ್ತು ವಾಕ್ಯಗಳನ್ನು ದಪ್ಪಕ್ಷರದಲ್ಲಿ ಬರೆದು ಗ್ಯಾರೇಜಿನ ಗೋಡೆಗೆ ತೂಗುಹಾಕಲಿ. “ಕೀಲಿ ತಿರುವುವ ಮುನ್ನ ಕೈಯಿಂದ ಎರಡು ಸುತ್ತು” ಎಂಬ ಒಂದು ಸಾಲು ಆ ಗೋಡೆಯ ಮೇಲೆ ಇದ್ದಿದ್ದರೆ ಒಂದು ಮನೆಯ ಅನ್ನ ಉಳಿಯುತ್ತಿತ್ತು. ಭಾಷೆಯ ಸೇವೆಯೆಂದರೆ ಇದೂ ಒಂದು ಸೇವೆಯೇ ಎಂದು ನನ್ನ ನಂಬಿಕೆ. ತಾಳಿದವನು ಬಾಳಿಯಾನು ಎಂಬ ಗಾದೆ ಪಾನಾ ಹಿಡಿದವರಿಗೂ ಸಲ್ಲುತ್ತದೆ.