ಮುಚ್ಚಿಡೋಕೆ ನಮ್ಮತ್ರ ಏನಿದೆ?

(ಇಬ್ರಿಯಲ್ಲಿ ನಡೆದ ನಮ್ಮ ಕೂಟದ ಯುಗಾದಿ ಸಭೆಯಲ್ಲಿ ಮಾಡಿದ ಭಾಷಣ. ಮಾತಿನ ಧಾಟಿಯನ್ನು ಹೆಚ್ಚು ತಿದ್ದದೆ ಹಾಗೆಯೇ ಕೊಟ್ಟಿದೆ.)



ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ, ಯೂರೋಪಿನ ಸರ್ಕಾರಗಳ ಕಣ್ಗಾವಲು ಕಾನೂನುಗಳು. ನಮ್ಮಲ್ಲಿ ಕೆಲವರ ಮಕ್ಕಳು ಜರ್ಮನಿ, ಐರ್ಲೆಂಡ್ ಕಡೆ ಓದೋಕೆ ಹೋಗಿದ್ದಾರೆ, ಅದಕ್ಕೆ ಆರಿಸಿರಬೇಕು. ಯೂರೋಪಿನ ಮಾತು ಖಂಡಿತ ಹೇಳ್ತೀನಿ. ಆದರೆ ಈ ವಿಷಯದಲ್ಲಿ ನಮ್ಮ ದೇಶದ ಅತಿ ದೊಡ್ಡ ಕೇಸನ್ನು ಹಾಕಿದವರು ಬೆಂಗಳೂರಿನ ಒಬ್ಬ ಮುದುಕರು. ಹಾಗಾಗಿ ಅಲ್ಲಿಂದ ಊರಿಗೆ ಬಂದು, ಊರಿಂದ ಇಬ್ರಿಗೆ ಬರ್ತೀನಿ.

ಈ ವಿಷಯ ಎತ್ತಿದ ಕೂಡಲೇ ಎಲ್ಲರೂ ಹೇಳೋ ಮಾತು ಒಂದೇ: "ನಾವೇನು ಕಳ್ಳತನ ಮಾಡಿದ್ದೀವಾ? ಮುಚ್ಚಿಡೋಕೆ ನಮ್ಮತ್ರ ಏನಿದೆ? ನೋಡ್ಕೊಳ್ಳಲಿ ಬಿಡಿ." ಒಳ್ಳೆಯ ಮನಸ್ಸಿನವರೇ ಹೀಗೆ ಹೇಳೋದು. ಅವರಿಗೆ ನನ್ನದೊಂದು ಪ್ರಶ್ನೆ. ನಿಮ್ಮ ಮನೆಗೆ ಬಾಗಿಲು ಇದೆ, ಬಾಗಿಲಿಗೆ ಚಿಲಕ ಇದೆ. ಒಳಗೆ ಕಳ್ಳಮಾಲು ಇದೆ ಅಂತ ಚಿಲಕ ಹಾಕ್ತೀರಾ? ಹೆಂಡತಿಗೆ ಫೋನ್ ಮಾಡುವಾಗ ಕ್ಯಾಂಪಿನ ರೂಮಿಂದ ಆಚೆ ಬಂದು, ಗೋಡೆ ಪಕ್ಕ ನಿಂತು ಮಾತಾಡ್ತೀರಲ್ಲ, ಏನು ಅಪರಾಧದ ಮಾತು ಅದು? ಮಗಳ ಫೀಸು, ಅಮ್ಮನ ಮಂಡಿನೋವು, ಅಷ್ಟೇ ತಾನೆ. ಆದರೂ ರೂಮಿನ ಆರು ಜನ ಅದನ್ನು ಕೇಳೋದು ಬೇಡ ಅನ್ಸುತ್ತೆ. ಇದಕ್ಕೇ ಖಾಸಗಿತನ ಅನ್ನೋದು.

ಮಾತು ಕೇಳದೆಯೂ ಮನುಷ್ಯನನ್ನು ತಿಳ್ಕೋಬಹುದು ಅನ್ನೋದನ್ನೂ ಗಮನಿಸಿ. ಯಾರಿಗೆ, ಎಷ್ಟು ಹೊತ್ತಿಗೆ, ಎಲ್ಲಿಂದ, ಎಷ್ಟು ನಿಮಿಷ ಕರೆ ಮಾಡಿದಿರಿ ಅನ್ನುವ ಪಟ್ಟಿ ಸಾಕು. ರಾತ್ರಿ ಎರಡು ಗಂಟೆಗೆ ಊರಿಗೆ ನಾಲ್ಕು ಕರೆ, ಬೆಳಿಗ್ಗೆ ಟ್ರಾವೆಲ್ಸಿಗೆ ಒಂದು ಕರೆ, ಆಮೇಲೆ ಮ್ಯಾನೇಜರಿಗೆ. ಏನಾಯ್ತು ಅಂತ ಯಾರಾದರೂ ಊಹಿಸಬಹುದು.

ಯೂರೋಪಿನಲ್ಲಿ ಜಗಳ ಶುರುವಾಗಿದ್ದು ಈ ಪಟ್ಟಿಯ ವಿಚಾರಕ್ಕೇ. 2004ರಲ್ಲಿ ಮ್ಯಾಡ್ರಿಡ್‌ನ ರೈಲುಗಳಲ್ಲಿ, 2005ರಲ್ಲಿ ಲಂಡನ್‌ನಲ್ಲಿ ಬಾಂಬು ಸಿಡಿದವು. ಜನ ಹೆದರಿದರು, ಹೆದರೋದು ಸಹಜ. 2006ರಲ್ಲಿ ಯೂರೋಪಿಯನ್ ಒಕ್ಕೂಟ ಒಂದು ನಿಯಮ ತಂದಿತು. ಫೋನ್ ಮತ್ತು ಇಂಟರ್ನೆಟ್ ಕಂಪನಿಗಳು ಎಲ್ಲರ ಕರೆಯ ವಿವರಗಳನ್ನೂ ಕನಿಷ್ಠ ಆರು ತಿಂಗಳು, ಹೆಚ್ಚೆಂದರೆ ಎರಡು ವರ್ಷ ಇಟ್ಟುಕೊಳ್ಳಬೇಕು ಅಂತ. ಸಂಶಯ ಇದ್ದವರದ್ದು ಮಾತ್ರ ಅಲ್ಲ, ಕೋಟ್ಯಂತರ ಜನ ಸಾಮಾನ್ಯರದ್ದೂ. 2014ರ ಏಪ್ರಿಲ್ 8ರಂದು ಒಕ್ಕೂಟದ ನ್ಯಾಯಾಲಯ, ಇದು ಅತಿಯಾಯಿತು ಅಂತ ಆ ನಿಯಮವನ್ನೇ ರದ್ದು ಮಾಡಿತು. ಅಷ್ಟರಲ್ಲಿ ಎಂಟು ವರ್ಷ ಕಳೆದಿತ್ತು.

ಅಲ್ಲಿಗೆ ಮುಗೀತಾ? ಇಲ್ಲ. 2015ರಲ್ಲಿ ಫ್ರಾನ್ಸ್ ಹೊಸ ಗುಪ್ತಚರ ಕಾನೂನು ಮಾಡಿತು. 2016ರಲ್ಲಿ ಬ್ರಿಟನ್ ಮಾಡಿದ ಕಾನೂನಿನಲ್ಲಿ, ಯಾರು ಯಾವ ವೆಬ್‌ಸೈಟಿಗೆ ಹೋದರು ಅನ್ನುವ ದಾಖಲೆಯನ್ನು 12 ತಿಂಗಳವರೆಗೆ ಇಟ್ಟುಕೊಳ್ಳುವಂತೆ ಕಂಪನಿಗಳಿಗೆ ಆದೇಶ ಕೊಡಬಹುದು. 2025ರ ಫೆಬ್ರವರಿಯಲ್ಲಿ ಬ್ರಿಟನ್ ಸರ್ಕಾರದ ಒತ್ತಡದ ನಡುವೆ ಆಪಲ್ ಕಂಪನಿ ತನ್ನ ಅತಿ ಗಟ್ಟಿಯಾದ ಬೀಗದ ಸೌಲಭ್ಯವನ್ನೇ ಆ ದೇಶದಲ್ಲಿ ನಿಲ್ಲಿಸಿಬಿಟ್ಟಿತು. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳನ್ನು ಹಿಡಿಯೋಕೆ ಖಾಸಗಿ ಮೆಸೇಜುಗಳನ್ನೂ ಸ್ಕ್ಯಾನ್ ಮಾಡಬೇಕು ಅನ್ನುವ ಪ್ರಸ್ತಾಪ 2022ರ ಮೇ ತಿಂಗಳಲ್ಲಿ ಯೂರೋಪಿಯನ್ ಕಮಿಷನ್ನಿನಿಂದ ಬಂತು. ಉದ್ದೇಶ ಯಾರೂ ಬೇಡ ಅನ್ನುವಂಥದ್ದಲ್ಲ. ಆದರೆ ಒಬ್ಬ ಕಳ್ಳನನ್ನು ಹುಡುಕೋಕೆ ಊರಿನ ಎಲ್ಲರ ಕಾಗದ ಒಡೆದು ಓದಬೇಕಾ ಅನ್ನುವುದೇ ಪ್ರಶ್ನೆ. ಭಯದ ಕಾಲದಲ್ಲಿ ಬಂದ ಕಾನೂನು, ಭಯ ಹೋದ ಮೇಲೂ ತಾನಾಗಿ ಮನೆಗೆ ಹೋಗಲ್ಲ. ಯೂರೋಪಿನಿಂದ ನಾವು ಕಲಿಯಬೇಕಾದ ಮೊದಲ ಪಾಠ ಇದು.

ಎರಡನೇ ಪಾಠವೂ ಅಲ್ಲಿದೆ. ಆಸ್ಟ್ರಿಯಾದ ಮ್ಯಾಕ್ಸ್ ಶ್ರೆಮ್ಸ್ ಅನ್ನುವ ಕಾನೂನು ಓದುತ್ತಿದ್ದ ಹುಡುಗ 2013ರಲ್ಲಿ ಫೇಸ್‌ಬುಕ್ ಮೇಲೆ ದೂರು ಕೊಟ್ಟ. ನಮ್ಮ ಮಾಹಿತಿ ಅಮೆರಿಕಕ್ಕೆ ಹೋದರೆ ಅಲ್ಲಿನ ಗುಪ್ತಚರರ ಕೈಗೆ ಸಿಗುತ್ತೆ ಅಂತ. 2015ರಲ್ಲಿ, ಯೂರೋಪಿನ ಜನರ ಮಾಹಿತಿ ಅಮೆರಿಕಕ್ಕೆ ಹೋಗೋಕೆ ಇದ್ದ ಆ ಒಪ್ಪಂದದ ವ್ಯವಸ್ಥೆಯೇ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಒಬ್ಬ ವಿದ್ಯಾರ್ಥಿ ಕೇಳಿದ್ದಕ್ಕೆ ಇಷ್ಟಾಯಿತು.

ಈಗ ನಮ್ಮ ಊರಿಗೆ ಬರೋಣ. ಇಲ್ಲಿರೋ ಹಿರಿಯರಿಗೆ 1988 ನೆನಪಿರುತ್ತೆ. ಆ ವರ್ಷ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಕಾರಣ ಟೆಲಿಫೋನ್ ಕದ್ದಾಲಿಕೆಯ ಆರೋಪ. ಫೋನ್ ಕದ್ದಾಲಿಕೆ ಅನ್ನುವ ಮಾತು ಕರ್ನಾಟಕದ ಹಳ್ಳಿ ಹಳ್ಳಿಗೂ ಗೊತ್ತಾಗಿದ್ದು ಆವಾಗಲೇ. ಮನೆಯಲ್ಲಿ ಫೋನೇ ಇಲ್ಲದವರೂ ಚಹಾದಂಗಡಿಯಲ್ಲಿ ಅದನ್ನು ಚರ್ಚೆ ಮಾಡಿದರು. 2019ರಲ್ಲೂ ನಮ್ಮ ರಾಜ್ಯದಲ್ಲಿ ಅದೇ ಬಗೆಯ ಆರೋಪ ಎದ್ದು, ಸಿಬಿಐ ತನಿಖೆಗೆ ಹೋಯಿತು.

ಇದಕ್ಕೆಲ್ಲ ಆಧಾರವಾಗಿದ್ದ ಕಾನೂನು ಯಾವುದು? 1885ರ ಟೆಲಿಗ್ರಾಫ್ ಕಾಯ್ದೆ, ಬ್ರಿಟಿಷರು ಮಾಡಿದ್ದು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಬೇಲಿ ಹಾಕಿತು. ಆದೇಶವನ್ನು ಗೃಹ ಕಾರ್ಯದರ್ಶಿ ಮಟ್ಟದವರೇ ಕೊಡಬೇಕು, ಎರಡು ತಿಂಗಳಿಗೆ ಅದು ಮುಗಿಯಬೇಕು, ಮುಂದುವರಿಸಿದರೂ ಒಟ್ಟು ಆರು ತಿಂಗಳು ದಾಟಬಾರದು, ಒಂದು ಸಮಿತಿ ಪರಿಶೀಲನೆ ಮಾಡಬೇಕು. ಒಳ್ಳೆಯದೇ. ಆದರೆ ಆದೇಶ ಕೊಡುವವರೂ ಅಧಿಕಾರಿಗಳು, ಪರಿಶೀಲಿಸುವವರೂ ಅಧಿಕಾರಿಗಳು. 2016ರ ಬ್ರಿಟನ್ ಕಾನೂನನ್ನು ಈಗ ತಾನೇ ಟೀಕೆ ಮಾಡಿದೆ. ಅದರಲ್ಲೂ ಮಾತು ಕದ್ದು ಕೇಳಬೇಕಾದರೆ ಮಂತ್ರಿಯ ಸಹಿಯ ಜೊತೆಗೆ ನ್ಯಾಯಾಧೀಶರ ಹುದ್ದೆಯಲ್ಲಿದ್ದವರ ಒಪ್ಪಿಗೆಯೂ ಬೇಕು. ನಮ್ಮಲ್ಲಿ 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂದರೂ ಆ ಎರಡನೇ ಬೀಗ ಬರಲಿಲ್ಲ.

ಇನ್ನು ಆ ಮುದುಕರ ಕಥೆ. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರು. 1926ರಲ್ಲಿ ಹುಟ್ಟಿದವರು. ಆಧಾರ್ ಯೋಜನೆ ಶುರುವಾದಾಗ ಅದಕ್ಕೆ ಸಂಸತ್ತು ಒಪ್ಪಿದ ಕಾನೂನೇ ಇರಲಿಲ್ಲ. ಬೆರಳಚ್ಚು, ಕಣ್ಣಿನ ಪಾಪೆ ಎಲ್ಲ ತಗೊಳ್ತಿದ್ದಾರೆ, ಯಾವ ಕಾನೂನಿನ ಮೇಲೆ? ಈ ಪ್ರಶ್ನೆ ಹಿಡಿದು 2012ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ನಾವಾದರೆ ಮೊಮ್ಮಕ್ಕಳ ಹತ್ತಿರ ಫೋನ್ ಚಾರ್ಜ್ ಮಾಡಿಸ್ಕೊಂಡು ಕೂತಿರ್ತೀವಿ.

2015ರಲ್ಲಿ ಕೇಂದ್ರ ಸರ್ಕಾರದ ಪರ ಅಟಾರ್ನಿ ಜನರಲ್ ಒಂದು ವಾದ ಮುಂದಿಟ್ಟರು. ಖಾಸಗಿತನ ಮೂಲಭೂತ ಹಕ್ಕು ಅಂತ ಸಂವಿಧಾನದಲ್ಲಿ ಎಲ್ಲೂ ಇಲ್ಲ, 1954ರ ಮತ್ತು 1962ರ ಹಳೇ ತೀರ್ಪುಗಳೂ ಹಾಗೇ ಹೇಳಿವೆ ಅಂತ. 1954ರದ್ದು ಎಂಟು ನ್ಯಾಯಾಧೀಶರ ತೀರ್ಪು. ಅದನ್ನು ಬದಲಿಸಬೇಕಾದರೆ ಒಂಬತ್ತು ಜನ ಕೂರಬೇಕು, ಕೂತರು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಂದೇ ಮಾತು ಹೇಳಿದರು: ಖಾಸಗಿತನ ಮೂಲಭೂತ ಹಕ್ಕು. ಆ ಒಂಬತ್ತು ಜನರಲ್ಲಿ ಒಬ್ಬರು ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್, ಮೂಡುಬಿದಿರೆ ಹತ್ತಿರದ ಬೆಳುವಾಯಿಯವರು. ಕೇಸು ಹಾಕಿದವರೂ ನಮ್ಮವರೇ, ತೀರ್ಪು ಕೊಟ್ಟವರಲ್ಲಿ ಒಬ್ಬರೂ ನಮ್ಮವರೇ. ಕರಾವಳಿಯವರು ಚಪ್ಪಾಳೆ ತಟ್ಟಬಹುದು.

ಆ ತೀರ್ಪಿನಿಂದ ಬಂದ ಅಳತೆಗೋಲನ್ನು ಮನೆ ಮಾತಿನಲ್ಲಿ ಹೇಳ್ತೀನಿ, ನೆನಪಿಟ್ಕೊಳ್ಳಿ. ಸರ್ಕಾರ ನಿಮ್ಮ ಖಾಸಗಿ ಜಾಗಕ್ಕೆ ಕೈ ಹಾಕಬೇಕಾದರೆ ಮೂರು ಪ್ರಶ್ನೆಗೆ ಉತ್ತರ ಕೊಡಬೇಕು. ಇದಕ್ಕೆ ಕಾನೂನು ಇದೆಯಾ? ಇದರಿಂದ ನಿಜವಾದ, ನ್ಯಾಯವಾದ ಕೆಲಸ ಆಗೋದಿದೆಯಾ? ಆ ಕೆಲಸಕ್ಕೆ ಬೇಕಾದಷ್ಟೇ ಕೇಳ್ತಿದ್ದೀರಾ, ಇಲ್ಲಾ ಸಿಕ್ಕಿದ್ದೆಲ್ಲ ಬಾಚಿಕೊಳ್ತಿದ್ದೀರಾ?

2018ರ ಸೆಪ್ಟೆಂಬರ್ 26ರಂದು ಆಧಾರ್ ತೀರ್ಪೇ ಬಂತು, ನಾಲ್ಕು ಜನ ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಸಬ್ಸಿಡಿಗೆ, ಪ್ಯಾನ್ ಕಾರ್ಡಿಗೆ ಆಧಾರ್ ಸರಿ ಅಂದರು. ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್ಮಿಗೆ ಕಡ್ಡಾಯ ಮಾಡೋದು ತಪ್ಪು ಅಂದರು. ಮುಂದಿನ ವರ್ಷವೇ ತಿದ್ದುಪಡಿ ಬಂದು, ಗ್ರಾಹಕರೇ ಒಪ್ಪಿದರೆ ಬ್ಯಾಂಕು, ಮೊಬೈಲ್ ಕಂಪನಿಗಳು ಬಳಸಬಹುದು ಅಂತಾಯ್ತು. ಮುಂಬಾಗಿಲು ಹಾಕಿದರೆ ಪಕ್ಕದ ಬಾಗಿಲು ತೆಗೆಯುತ್ತೆ. 2023ರ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆಯೂ ಹಾಗೇ. ಮಾಹಿತಿ ಜೋಪಾನ ಮಾಡದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ಆದರೆ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯ ಹೆಸರಲ್ಲಿ ಕೇಂದ್ರ ಸರ್ಕಾರ ತನ್ನ ಯಾವುದೇ ಸಂಸ್ಥೆಗೆ ವಿನಾಯಿತಿ ಕೊಡಬಹುದು.

ಹಾಗಾದರೆ ಕೇಳಿ ಏನು ಪ್ರಯೋಜನ ಅಂತೀರಾ? ಇತ್ತೀಚಿನ ಒಂದು ಉದಾಹರಣೆ ಕೊಡ್ತೀನಿ. ಸಂಚಾರ್ ಸಾಥಿ ಅಂತ ಸರ್ಕಾರದ್ದೇ ಸೇವೆ ಇದೆ, ಒಳ್ಳೆಯದು. 2025ರ ಡಿಸೆಂಬರಿನ ಆರಂಭದಲ್ಲಿ, ಪ್ರತಿ ಹೊಸ ಫೋನಿನಲ್ಲೂ ಆ ಆ್ಯಪ್ ಮೊದಲೇ ಇರಬೇಕು ಅನ್ನುವ ಆದೇಶ ಹೊರಬಿತ್ತು. ಜನ, ಪತ್ರಿಕೆಗಳು, ವಿರೋಧ ಪಕ್ಷಗಳು ಕೇಳಿದವು: ನಮ್ಮ ಫೋನಿನಲ್ಲಿ ಏನಿರಬೇಕು ಅಂತ ನಾವು ತಾನೆ ಹೇಳಬೇಕು? ಡಿಸೆಂಬರ್ 3ಕ್ಕೆ ಕಡ್ಡಾಯವನ್ನು ಕೈಬಿಟ್ಟರು. ಅದೇ ಆ್ಯಪ್ಪನ್ನು ಈಗ ಬೇಕಾದವರು ಹಾಕ್ಕೋತಾರೆ. ಬೇಕು ಅಂತ ಹಾಕ್ಕೊಳ್ಳೋದಕ್ಕೂ, ಹೇಳದೆ ಕೇಳದೆ ಕೂರಿಸೋದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಇನ್ನು ಇಬ್ರಿಯ ಮಾತು. ನಾವು ಈ ನಾಡಿನ ಅನ್ನ ತಿಂತಿದ್ದೀವಿ, ಇಲ್ಲಿನ ಕಾನೂನು ತಿಳಿದಿರಬೇಕು. ಒಮಾನಿನ ಮೂಲ ಶಾಸನದಲ್ಲೇ ಖಾಸಗಿ ಬದುಕಿಗೂ ಪತ್ರ, ಫೋನ್ ಸಂಪರ್ಕಕ್ಕೂ ರಕ್ಷಣೆ ಇದೆ, ಕಾನೂನು ಹೇಳಿದ ಸಂದರ್ಭಗಳನ್ನು ಬಿಟ್ಟು. 2022ರಲ್ಲಿ ಹೊರಟ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಇದಕ್ಕಿಂತ ಹಳೆಯದು, ನಮಗೆ ದಿನಾ ಬೇಕಾಗೋದು, 2011ರ ಸೈಬರ್ ಅಪರಾಧ ಕಾನೂನು. ಮತ್ತೊಬ್ಬರ ಖಾಸಗಿ ಬದುಕಿಗೆ ಧಕ್ಕೆ ಬರೋ ಹಾಗೆ ಫೋಟೋ, ವಿಡಿಯೋ ತೆಗೆದು ಹಂಚಿದರೆ, ಅದು ನಿಜವೇ ಆಗಿದ್ದರೂ, ಒಂದರಿಂದ ಮೂರು ವರ್ಷ ಜೈಲು, ಸಾವಿರದಿಂದ ಐದು ಸಾವಿರ ರಿಯಾಲ್ ದಂಡ. ರಸ್ತೆಯಲ್ಲಿ ಆಕ್ಸಿಡೆಂಟ್ ಆದ ಕೂಡಲೇ ಕ್ಯಾಮೆರಾ ತೆಗೀತೀವಲ್ಲ, ಆ ಅಭ್ಯಾಸ ಬಿಡಿ. ಬೇರೆಯವರು ನಮ್ಮನ್ನು ನೋಡಬಾರದು ಅನ್ನುವವರು ಬಿದ್ದವನ ಮುಖವನ್ನು ಗ್ರೂಪಿಗೆ ಹಾಕಬಾರದು.

ಕೊನೆಗೆ ನಮ್ಮ ಕೈಯಲ್ಲೇ ಇರೋ ಕೆಲಸ. ನಮ್ಮ ಪರಿಚಯದ ಒಬ್ಬ ಹುಡುಗ ಕೆಲಸ ಹುಡುಕೋವಾಗ ಐದಾರು ಏಜೆಂಟರಿಗೆ ಪಾಸ್‌ಪೋರ್ಟ್, ಆಧಾರ್ ಫೋಟೋ ವಾಟ್ಸಾಪ್ ಮಾಡಿದ್ದ. ಎರಡು ವರ್ಷ ಬಿಟ್ಟು ರಜೆಗೆ ಹೋದಾಗ ನೋಡಿದರೆ, ಅವನು ಕಣ್ಣಲ್ಲೂ ಕಾಣದ ಎರಡು ಸಿಮ್ ಅವನ ಹೆಸರಲ್ಲಿ! ಯಾವ ಏಜೆಂಟ್ ಕೈಯಿಂದ ಹೋಯ್ತು ಅಂತ ಈವತ್ತಿಗೂ ಗೊತ್ತಿಲ್ಲ. ಪಾಸ್‌ಪೋರ್ಟ್ ಪುಸ್ತಕ ಯಾರಾದರೂ ಇಟ್ಟುಕೊಂಡರೆ ಜಗಳ ಆಡ್ತೀವಿ, ಅದರ ಫೋಟೋವನ್ನು ಮಾತ್ರ ಕೇಳಿದವರಿಗೆಲ್ಲ ಕಳಿಸ್ತೀವಿ.

ಹಾಗಾಗಿ ಇಷ್ಟು ಮಾಡಿ. ಕಾಪಿ ಕೊಡಲೇಬೇಕಾದರೆ ಅದರ ಮೇಲೆ ಅಡ್ಡಲಾಗಿ ಯಾವ ಕೆಲಸಕ್ಕೆ, ಯಾವ ತಾರೀಕು ಅಂತ ಬರೆದು ಕೊಡಿ. ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗುತ್ತಾ ಕೇಳಿ, ಅದನ್ನು ಆಧಾರ್ ವೆಬ್‌ಸೈಟಿನಲ್ಲೇ ಇಳಿಸಿಕೊಳ್ಳಬಹುದು. ಬೆರಳಚ್ಚಿಗೆ ಲಾಕ್ ಹಾಕಿಡಿ, ನೀವು ಇಲ್ಲಿರುವಾಗ ಅಲ್ಲಿ ಅದು ತೆರೆದಿರೋದು ಯಾಕೆ? ಊರಿನ ನಂಬರ್ ಚಾಲ್ತಿಯಲ್ಲಿದ್ದರೆ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಿ. ಇದು ಬರದವರು ಊಟ ಆದ್ಮೇಲೆ ನನ್ನ ಹತ್ತಿರ ಬನ್ನಿ, ಇಬ್ಬರೂ ಕೂತು ಮಾಡೋಣ. ಒಟಿಪಿ ಮಾತ್ರ ನನಗೂ ಹೇಳಬೇಡಿ, ನೀವೇ ಒತ್ತಿ.

ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು, 98 ವರ್ಷ ಬಾಳಿದರು. ಅವರು ಕೇಳಿದ್ದು ದೊಡ್ಡ ಸಿದ್ಧಾಂತವಲ್ಲ, "ಯಾವ ಕಾನೂನಿನ ಮೇಲೆ ಕೇಳ್ತಿದ್ದೀರಿ?" ಅನ್ನುವ ಒಂದು ಪ್ರಶ್ನೆ. ನಾಳೆ ಯಾರಾದರೂ ನಿಮ್ಮ ಕಾರ್ಡಿನ ಫೋಟೋ ಕಳಿಸಿ ಅಂದರೆ, ಮರ್ಯಾದೆಯಿಂದಲೇ ಕೇಳಿ: "ಯಾಕೆ ಬೇಕು ಸಾರ್? ಎಷ್ಟು ದಿನ ಇಟ್ಕೋತೀರಿ?" ಕೇಳೋದಕ್ಕೆ ವೀಸಾ ಬೇಕಿಲ್ಲ.

ಊಟಕ್ಕೆ ತಡ ಆಗ್ತಿದೆ, ಹೋಳಿಗೆ ಆರುತ್ತಿದೆ.