ಮನೋರೋಗಕ್ಕೂ ವಿಮೆ: ಹಕ್ಕನ್ನು ಕೇಳೋಣ



ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ನಮ್ಮ ಮನೆಗಳಲ್ಲಿ ಹೃದ್ರೋಗವನ್ನು ಹೇಳಿಕೊಳ್ಳುತ್ತೇವೆ. ಮನೋರೋಗವನ್ನು ಮುಚ್ಚಿಡುತ್ತೇವೆ, ಇಲ್ಲವೇ ಜಿನ್ನ್ ಬಾಧೆಯೆಂದು ತಾಯಿತ ಕಟ್ಟಿಸುತ್ತೇವೆ. 13ನೇ ಶತಮಾನದಲ್ಲೇ ಕೈರೋದ ಮನ್ಸೂರಿ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಪ್ರತ್ಯೇಕ ವಿಭಾಗವಿಟ್ಟ ಸಮುದಾಯ ನಮ್ಮದು!

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4)ನೇ ಕಲಮಿನಂತೆ, ದೈಹಿಕ ಕಾಯಿಲೆಗಿರುವ ಆಧಾರದಲ್ಲೇ ಮನೋರೋಗದ ಚಿಕಿತ್ಸೆಗೂ ಕಂಪೆನಿಗಳು ವಿಮೆ ಒದಗಿಸಬೇಕು. ಕಾಯ್ದೆ ಜಾರಿಗೆ ಬಂದದ್ದು 2018ರ ಮೇಯಲ್ಲಿ. ಆದರೂ 2022ರ ಅಕ್ಟೋಬರ್‌ನಲ್ಲಿ ವಿಮಾ ಪ್ರಾಧಿಕಾರ ಮತ್ತೆ ಗಡುವು ವಿಧಿಸಬೇಕಾಯಿತು.

ವಿಮೆಯ ಕುರಿತ ಶರೀಅತ್ ಚರ್ಚೆ ಬೇರೆಯೇ ಇದೆ. ಆದರೆ ಈಗಾಗಲೇ ಕಂತು ಕಟ್ಟಿದವರ ಹಕ್ಕನ್ನು ಬಿಟ್ಟುಕೊಡಲಾಗದು. ಧಾರವಾಡದಲ್ಲಾಗಲಿ ಬೆಂಗಳೂರಿನಲ್ಲಾಗಲಿ ದಾಖಲಾದವರ ಕ್ಲೇಮು ತಿರಸ್ಕೃತವಾದರೆ ಮೊದಲು ಕಂಪೆನಿಗೆ ಲಿಖಿತ ದೂರು, ಫಲಿಸದಿದ್ದರೆ ವಿಮಾ ಒಂಬುಡ್ಸ್‌ಮನ್‌ಗೆ. ಈ ಅರ್ಜಿ ಬರೆದುಕೊಡಲು ಪ್ರತಿ ಜಮಾಅತ್‌ನಲ್ಲಿ ಇಬ್ಬರು ಯುವಕರಾದರೂ ಮುಂದೆ ಬರಬೇಕು.