ಗಣಕಯಂತ್ರದ ಲೆಕ್ಕಕ್ಕೂ ವಿಮೆ ಬೇಕು
(ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಗೋದಾಮಿಗೆ ಬೆಂಕಿ ವಿಮೆ ಮಾಡಿಸುತ್ತೇವೆ, ತಿಜೋರಿಗೆ ಕಳವಿನ ವಿಮೆ ಮಾಡಿಸುತ್ತೇವೆ. ಆದರೆ ಯಾರ ಠೇವಣಿ ಎಷ್ಟು, ಯಾರ ಸಾಲ ಎಷ್ಟು ಎಂಬ ಲೆಕ್ಕವೆಲ್ಲ ಈಗ ಗಣಕಯಂತ್ರದೊಳಗಿದೆ. 2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಒಳ್ಳೇದೇ. ಆ ಲೆಕ್ಕ ಕೆಟ್ಟರೆ ಗತಿಯೇನು?

"ನಮ್ಮಂಥ ಸಣ್ಣವರ ತಂಟೆಗೆ ಯಾರು ಬರ್ತಾರೆ ಸ್ವಾಮಿ?" ಅನ್ನಬಹುದು. 2018ರ ಆಗಸ್ಟಿನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ ಕಳ್ಳರು ಸುಮಾರು 94 ಕೋಟಿ ರೂಪಾಯಿ ದೋಚಿದರು. ಬಾಗಿಲು ಮುರಿಯಲಿಲ್ಲ, ಬೀಗ ಒಡೆಯಲಿಲ್ಲ. ಎ.ಟಿ.ಎಂ. ವ್ಯವಸ್ಥೆಯೊಳಗೆ ದುಷ್ಟ ತಂತ್ರಾಂಶ ನುಗ್ಗಿಸಿ, ನಕಲಿ ಕಾರ್ಡುಗಳಿಂದ ಹಲವು ದೇಶಗಳಲ್ಲಿ ಹಣ ತೆಗೆದರು. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ತಂತ್ರಾಂಶ ಕಂಪನಿಗೆ ಪೆಟ್ಟು ಬಿದ್ದಾಗ, ಅದನ್ನು ನಂಬಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಹಣ ಪಾವತಿ ಸೇವೆ ನಿಂತುಹೋಯಿತು. ಅಂದರೆ ಯಾರದೋ ಮನೆಯ ಬೆಂಕಿ ನಮ್ಮ ಬಣವೆಗೂ ಹತ್ತುತ್ತದೆ.

ಇದಕ್ಕೇ ಸೈಬರ್ ವಿಮೆ. ಕೆಟ್ಟ ಲೆಕ್ಕ ಸರಿಪಡಿಸುವ ತಜ್ಞರ ಖರ್ಚು, ವ್ಯವಹಾರ ನಿಂತ ನಷ್ಟ, ಗ್ರಾಹಕರ ಮಾಹಿತಿ ಸೋರಿದರೆ ಬರುವ ದಾವೆಯ ವೆಚ್ಚ, ಇಂಥವನ್ನು ಅದು ಭರಿಸುತ್ತದೆ. ಊರಿನ ಅಕ್ಕಿ ಗಿರಣಿಗೂ ಗೊಬ್ಬರದಂಗಡಿಗೂ ಇದು ಸಿಗುತ್ತದೆ. ಆದರೆ ಗುಮಾಸ್ತರು ಮೋಸದ ಫೋನು ನಂಬಿ ತಾವೇ ಹಣ ಕಳಿಸಿದರೆ ಪರಿಹಾರ ಉಂಟೇ? ಕೆಲವು ಪಾಲಿಸಿಗಳಲ್ಲಿ ಉಂಟು, ಕೆಲವದರಲ್ಲಿ ಇಲ್ಲ. ಸಹಿ ಹಾಕುವ ಮೊದಲೇ ಕೇಳಿ ಬರೆಸಿಕೊಳ್ಳಬೇಕು.

ದನಕ್ಕೆ ವಿಮೆ ಮಾಡಿಸಿದವರಿಗೆಲ್ಲ ಗೊತ್ತು, ಕಿವಿಯಲ್ಲಿ ಬಿಲ್ಲೆ ಇಲ್ಲದಿದ್ದರೆ ಪರಿಹಾರ ಇಲ್ಲ. ಇಲ್ಲೂ ಹಾಗೇ. ಲೆಕ್ಕದ ಪ್ರತಿ ತೆಗೆದಿಡುತ್ತೀರಾ, ಪಾಸ್‌ವರ್ಡ್ ಕಾಪಾಡುತ್ತೀರಾ ಎಂದು ಅರ್ಜಿಯಲ್ಲೇ ಕೇಳುತ್ತಾರೆ. ಇಲ್ಲದ್ದನ್ನು ಇದೆ ಅಂತ ಬರೆದರೆ ಕಟ್ಟಿದ ಪ್ರೀಮಿಯಂ ನೀರಿನಲ್ಲಿ ಹೋಮ.

ಆದ್ದರಿಂದ ಮೊದಲು ಮೂರು ಕೆಲಸ. ದಿನದ ಲೆಕ್ಕದ ಪ್ರತಿ ತೆಗೆದು, ಯಂತ್ರದಿಂದ ಬೇರ್ಪಡಿಸಿ ಬೀರುವಿನಲ್ಲಿಡಿ. ಪ್ರತಿ ನೌಕರನಿಗೂ ಬೇರೆ ಪಾಸ್‌ವರ್ಡ್ ಕೊಡಿ. ಹಣ ಹೋದರೆ ಕೂಡಲೇ ಕರೆ ಮಾಡಬೇಕಾದ 1930 ಸಂಖ್ಯೆಯನ್ನು ಗೋಡೆ ಮೇಲೆ ದೊಡ್ಡದಾಗಿ ಬರೆಸಿ. ಇಂಥ ದಾಳಿ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರಲ್ಲೇ ಆದೇಶಿಸಿದೆ. ಮರ್ಯಾದೆಗೆ ಅಂಜಿ ಮುಚ್ಚಿಡಬಾರದು.

ಕೊನೆಯದಾಗಿ ಒಂದು ಮಾತು. ಬ್ಯಾಂಕು ಮುಳುಗಿದರೆ ಠೇವಣಿದಾರರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಉಂಟು. ನಮ್ಮಂಥ ಪ್ರಾಥಮಿಕ ಸಂಘಗಳಿಗೆ ಅದೂ ಇಲ್ಲ. ಹಾಲಿನ ಬಟವಾಡೆಯಲ್ಲಿ ಹತ್ತಿಪ್ಪತ್ತು ಉಳಿಸಿ ಇಟ್ಟ ತಾಯಿ ಪಾಸ್‌ಬುಕ್ ಹಿಡಿದು ಬಂದಾಗ "ಯಂತ್ರ ಕೆಟ್ಟಿದೆಯಮ್ಮ" ಎಂದರೆ ನಡೆಯುವುದಿಲ್ಲ. ವಿಮಾ ಕಂಪನಿ ದುಡ್ಡು ಕೊಟ್ಟೀತು, ಪ್ರತಿಯಿಲ್ಲದೆ ಅಳಿದ ಲೆಡ್ಜರನ್ನು ತಂದುಕೊಡಲಾರದು. ಪಾಲಿಸಿಯ ವಿಷಯ ಮುಂದಿನ ಮಹಾಸಭೆಯಲ್ಲಿ ಚರ್ಚೆಯಾಗಲಿ. ಬೀರುವಿನ ಪ್ರತಿ ಮಾತ್ರ ಇವತ್ತು ಸಂಜೆಯೇ ಶುರುವಾಗಲಿ.